ಹೆಚ್ಚುವರಿ ತಲೆ

ಓರ್ವೊಕ್ಕಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಲೀಕ್ಸಾದ ಆಚೆ, ಸರೋವರಗಳ ಸಂದಿಯಲ್ಲಿ ರಸ್ತೆ ನುಸುಳಿ ಹೋಗುವಲ್ಲಿ.
ಈಗ ಅರವತ್ತೆಂಟು.
ಆರೋಗ್ಯ ಕೇಂದ್ರದ ಕುರ್ಚಿಯಲ್ಲಿ
ಉಣ್ಣೆಯ ಟೋಪಿ ತೆಗೆಯದೆ ಕೂತು ಕೇಳುತ್ತಾಳೆ:
ಅಂದರೆ, ಹೃದಯಕ್ಕೆಂದು ಕೊಟ್ಟ ಮಾತ್ರೆಯೇ
ನನಗೆ ಸಕ್ಕರೆ ಕಾಯಿಲೆ ತಂದಿತೋ?

ಡಾಕ್ಟರು ಇನ್ನೂ ಹುಡುಗ, ಯೂಸೊ.
ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳುತ್ತಾನೆ:
ತಂದಿರಬಹುದು. ತರದೆಯೂ ಇರಬಹುದು.
ನೀವು ಮೊದಲೇ ಹೊಸ್ತಿಲ ಮೇಲೆ ನಿಂತಿದ್ದಿರಿ,
ಹಿಂದಿನಿಂದ ಒಂದು ಬೆರಳು ತಾಗಿರಬಹುದು.

ಬೆಣ್ಣೆ ಅಂದರೆ ಅವಳಿಗೆ ಅಪ್ಪ.
ರೈ ರೊಟ್ಟಿಗೆ ಹಲ್ಲಿನ ಗುರುತು ಮೂಡುವಷ್ಟು ದಪ್ಪ ಸವರಿ
ಮರ ಕಡಿಯಲು ಹೋದವನು
ನಲವತ್ತಾರಕ್ಕೆ, ಕಡಿದ ಸ್ಪ್ರೂಸಿನ ಪಕ್ಕ
ಇನ್ನೊಂದು ಮರದ ಹಾಗೆ.
ಆಗ ಅದು ದೊಡ್ಡ ಸುದ್ದಿಯೇನಲ್ಲ.
ಅಣ್ಣ ರೈಮೊ ದೋಣಿಯಲ್ಲಿ, ಹುಟ್ಟು ಕೈಯಲ್ಲೇ.
ಆ ಊರಿನ ಹೆಂಗಸರ ಕಪ್ಪು ಕೋಟು
ಬೀರುವಿನೊಳಗೆ ಹಿಂದೆ ಸರಿಯುತ್ತಲೇ ಇರಲಿಲ್ಲ.

ಐವತ್ತೆರಡಕ್ಕೆ ಇವಳ ರಕ್ತವೂ ಅಪ್ಪನ ಭಾಷೆ ಮಾತಾಡಿತು.
ಅಂದಿನಿಂದ ಬಿಳಿ ಮಾತ್ರೆ, ರಾತ್ರಿಗೊಂದು,
ಹಲ್ಲುಜ್ಜುವ ಲೋಟದ ಪಕ್ಕ.
ಈಗ ಅಪ್ಪನಿಗಿಂತ ಇಪ್ಪತ್ತೆರಡು ವರ್ಷ ದೊಡ್ಡವಳು ಅವಳು.
ಗೋಡೆಯ ಫೋಟೋದಲ್ಲಿ ಅವನು
ಕೆಲಸ ಹುಡುಕಿಕೊಂಡು ಬಂದ ಯಾರದೋ ಮಗನಂತೆ ನಿಂತಿದ್ದಾನೆ.

ಸೌನಾದ ಬಿಸಿಯಲ್ಲಿ ಹಿಲ್ಕಾ ಹೇಳಿದ್ದಳು:
ನಾನಂತೂ ಬಿಟ್ಟೆ, ಎಸೆದೆ, ವಿಷ ಅದು.
ಕಲ್ಲಿನ ಮೇಲೆ ನೀರು ಚುಂಯ್ ಅಂತು.
ಓರ್ವೊಕ್ಕಿ ಮಾತಾಡಲಿಲ್ಲ.

ಯೂಸೊ ಪೆನ್ನು ತೆಗೆದು ಚುಕ್ಕಿ ಇಡುತ್ತಾನೆ.
ಇನ್ನೂರೈವತ್ತು ಜನ, ನಾಲ್ಕು ವರ್ಷ ನುಂಗಿದರೆ
ಹೆಚ್ಚುವರಿಯಾಗಿ ಒಬ್ಬರಿಗೆ, ಅಂದಾಜು, ಈ ಸಕ್ಕರೆ.
ಅಷ್ಟೇ ಜನರಲ್ಲಿ ತಪ್ಪುವ ಹೃದಯದ ಪೆಟ್ಟುಗಳು ಅದಕ್ಕಿಂತ ಹೆಚ್ಚು.
ಚುಕ್ಕಿಗಳು ಅವಳಿಗೆ ಹಿಡಿಸುವುದಿಲ್ಲ.
ನನ್ನ ಬಸ್ಸಿಗೆ ಐವತ್ತು ಸೀಟು, ಅನ್ನುತ್ತಾಳೆ.
ಅಂದರೆ ಐದು ಬಸ್ಸು ತುಂಬಾ ಜನ, ಅದರಲ್ಲಿ ನಾನೊಬ್ಬಳು?
ಇರಬಹುದು, ಅನ್ನುತ್ತಾನೆ. ಖಚಿತವಾಗಿ ಹೇಳಲಾಗದು.
ಮತ್ತೆ ಆ ಉಳಿದವರು, ಪೆಟ್ಟು ತಪ್ಪಿಸಿಕೊಂಡವರು,
ಅವರು ಯಾವ ಸೀಟಿನಲ್ಲಿದ್ದಾರೆ?
ಅದು ಅವರಿಗೇ ಗೊತ್ತಿಲ್ಲ, ಅನ್ನುತ್ತಾನೆ.
ಆಗದೇ ಹೋದದ್ದಕ್ಕೆ ಯಾರೂ ಹೆಸರು ಕೂಗುವುದಿಲ್ಲ.
ಬಹುಶಃ ನೀವೇ.

ಎರಡೂ ನಾನೇ ಆಗಿರಬಹುದೇ?
ಯೂಸೊ ಪೆನ್ನಿನ ಮುಚ್ಚಳ ಹಾಕುತ್ತಾನೆ.

ಹೊರಗೆ ಮಾರ್ಚಿಯ ಮಂಜು, ಮೇಲೆ ಕರಗಿ ಕೆಳಗೆ ಗಟ್ಟಿ.
ನಡೆಯುತ್ತ ಅವಳಿಗೆ ಹಳೆಯದೊಂದು ಸಂಜೆ:
ಕೊನೆಯ ನಿಲ್ದಾಣದಲ್ಲಿ ತಲೆ ಎಣಿಸಿದರೆ
ಕಡಿಮೆಯಲ್ಲ, ಒಂದು ಹೆಚ್ಚು.
ಹಿಂದಿನ ಸೀಟಿನಲ್ಲಿ ತಪ್ಪು ಬಸ್ಸು ಹತ್ತಿ
ನಿದ್ದೆ ಹೋಗಿದ್ದ ಹುಡುಗ, ಮೂಗಿನ ಕೆಳಗೆ ಸಿಂಬಳ ಒಣಗಿ.
ಯಾರ ತಪ್ಪು? ಹತ್ತಿಸಿದವಳು ಅವಳೇ.
ಬಯ್ಯಲಿಲ್ಲ. ಬಸ್ಸು ತಿರುಗಿಸಿ
ಇಪ್ಪತ್ತೆಂಟು ಕಿಲೋಮೀಟರ್ ಕತ್ತಲೆಯಲ್ಲಿ ಓಡಿಸಿ
ಅವನಮ್ಮನ ಕೈಗೆ ಕೊಟ್ಟು ಬಂದಿದ್ದಳು.
ಇವನನ್ನು ಮಾತ್ರ ಇಳಿಸಿಬರಲು ಮನೆಯೊಂದು ಇಲ್ಲ.

ರಾತ್ರಿ. ಏಲಕ್ಕಿ ಬನ್ನಿನ ಡಬ್ಬಿ ಮುಚ್ಚಿದೆ,
ಪೂರ್ತಿ ಅಲ್ಲ.
ಬೆರಳ ತುದಿ ಚುಚ್ಚಿ ಹನಿ ಒತ್ತುತ್ತಾಳೆ.
ಯಂತ್ರ ಕೆಳಗಿನ ಕಡೆಗೆ ಎಣಿಸುತ್ತದೆ,
ಐದು, ನಾಲ್ಕು, ಮೂರು,
ಅವಳೂ ತುಟಿಯಲ್ಲೇ ಎಣಿಸುತ್ತಾಳೆ, ಹಳೆಯ ಚಾಳಿ.
ಲೋಟದ ಪಕ್ಕದ ಮಾತ್ರೆ ನುಂಗಿ
ಒಳಗೆ ಹತ್ತಿ ಕೂತವನಿಗೆ ಹೇಳುತ್ತಾಳೆ:
ಸರಿ, ಕೂತ್ಕೋ.
ಬೆಲ್ಟು ಹಾಕ್ಕೋ. ರಸ್ತೆ ಜಾರುತ್ತೆ.